ಪಾವಣೇರನ್ನು ಕೆಡವಬಾರದು

ಹಳೆಯ ಟ್ರ್ಯಾಕ್ಟರು, ಟ್ರೇಲರುಗಳ ದಲ್ಲಾಳಿ ನಾನು. ಹಳಿಯಾಳದಲ್ಲಿ ಊರ ಹೊರಗೆ, ರಸ್ತೆ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಕೂತಿದ್ದೇನೆ. ಮುಂಡಗೋಡ ಕಡೆಯ ಗೋವಿನಜೋಳದವರು, ಸಾಂಬ್ರಾಣಿ ಸುತ್ತಿನ ಕಬ್ಬಿನವರು, ದಾಂಡೇಲಿಯಲ್ಲಿ ಇಟ್ಟಂಗಿ ಸಾಗಿಸುವವರು, ಎಲ್ಲರೂ ಬರುತ್ತಾರೆ. ಯಾರೂ ಕೈಹಿಡಿದು ಕಲಿಸಿದ ವಿದ್ಯೆಯಲ್ಲ ಇದು. ಅದರಲ್ಲಿ ಒಂದು ಮಾತು ಪುಕ್ಕಟೆ ಕೊಡುತ್ತೇನೆ, ತೆಗೆದುಕೊಳ್ಳಿ. ಜಗಳಕ್ಕೆ ಬಿದ್ದು ಚೌಕಾಸಿ ಮಾಡುವ ಗಿರಾಕಿಗೆ ಹೆದರಬೇಡಿ. ಅವನಿಗೆ ನಿಮ್ಮ ಮೇಲೆ ಸಿಟ್ಟಿದ್ದರೂ ಸಲಿಗೆ ಇದೆ. ಹೇಳಿದ ದರಕ್ಕೆ ಹೂಂ ಎಂದು ತಲೆ ಅಲ್ಲಾಡಿಸುವವನನ್ನು ಕಂಡರೆ ಮಾತ್ರ ಎದೆ ಮೇಲೆ ಕೈ ಇಟ್ಟುಕೊಳ್ಳಿ.

ಹೋದ ಸುಗ್ಗಿಯಲ್ಲಿ ಅಂಥವನೊಬ್ಬ ಬಂದ. ನನ್ನದೇ ವಯಸ್ಸು, ಗೂಳಿಯಂಥ ಹೆಗಲು, ಮುದುಡಿದ ಕಿವಿ. ಶೆಡ್ಡಿನ ಹೊರಗೇ ಚಪ್ಪಲಿ ಬಿಟ್ಟು ನಿಂತ.

“ಒಂದ್ ಟ್ರೇಲರ್ ಬೇಕಾಗಿತ್ತರೀ.”

ಬೇಕೆಂದೇ ಬಾಯಿಗೆ ಬಂದ ದರ ಹೇಳಿದೆ. ಆ ದರ ಕೇಳಿದರೆ ರಸ್ತೆಯ ನಾಯಿಯೂ ಬೊಗಳಬೇಕಿತ್ತು.

“ಆತ್ರಿ. ನೀವ್ ಹೇಳಿದಂಗ ಆಗ್ಲಿ.”

“ತಳಾ ಆದ್ರೂ ನೋಡೋ ಮಾರಾಯಾ. ಜಂಗ್ ಹಿಡದೈತಿ.”

“ನೀವ್ ನೋಡೀರಲ್ಲ, ಸಾಕಲ್ರಿ.”

ಕೊನೆಗೆ ನನ್ನ ಜೊತೆ ನಾನೇ ಚೌಕಾಸಿ ಮಾಡಿಕೊಂಡು ದರ ಇಳಿಸಿದೆ. ಅದಕ್ಕೂ ಅವನು “ಆತ್ರಿ” ಅಂದ. ಟ್ರೇಲರು ಎಳೆದುಕೊಂಡು ಹೋದ ಮೇಲೆ ಪಕ್ಕದ ಪಂಕ್ಚರ್ ಅಂಗಡಿಯವನು ಕೂಗಿದ, “ಏನ್ರಿ ಸಾವ್ಕಾರ್ರ, ಗಿರಾಕಿ ಸುಮ್ನಿದ್ರೂ ನೀವ ದರಾ ಇಳಸಾಕತ್ತೀರಿ! ಆರಾಮ ಇಲ್ಲೇನ್?”

ಆರಾಮ ಇರಲಿಲ್ಲ. ಅವನು ನನ್ನ ಜೋಡಿಯಾಗಿದ್ದವನು.

ಜೋಡಿ ಅಂದರೆ ಏನು ಎಂದು ನಮ್ಮ ಹಳಿಯಾಳದಲ್ಲಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ತಾಲೀಮು, ಅಂದರೆ ಗರಡಿಮನೆಗೆ ಸೇರಿದ ಹುಡುಗನಿಗೆ ವಸ್ತಾದರು ಮೊದಲು ಲಂಗೋಟಿ ಕಟ್ಟುವುದು ಕಲಿಸುತ್ತಾರೆ, ಆಮೇಲೆ ಒಬ್ಬ ಜೋಡಿಯನ್ನು ಕೊಡುತ್ತಾರೆ. ತೂಕ, ಎತ್ತರ, ಹಟ ನೋಡಿ ಕೊಡುತ್ತಾರೆ, ಜಾತಿ ನೋಡಿ ಅಲ್ಲ. ದಿನಾ ಬೆಳಿಗ್ಗೆ ಅವನ ಸಂಗಡವೇ ಕುಸ್ತಿ ಹಿಡಿಯಬೇಕು. ಅವನ ಕತ್ತು ಯಾವ ಕಡೆ ಬೇಗ ದಣಿಯುತ್ತದೆ, ಸಿಟ್ಟು ಬಂದಾಗ ಅವನು ಯಾವ ಕಾಲು ಮುಂದಿಡುತ್ತಾನೆ, ಹಿಂದಿನ ದಿನ ಮನೆಯಲ್ಲಿ ಉಂಡಿದ್ದಾನೋ ಇಲ್ಲವೋ, ಎಲ್ಲ ನಿಮ್ಮ ಕೈಗೆ ಗೊತ್ತಾಗುತ್ತದೆ. ಬಾಯಿಬಿಟ್ಟು ಕೇಳುವ ಕೆಲಸವೇ ಇಲ್ಲ. ನಾನು ಲಿಂಗಾಯತರ ಮನೆಯವನು, ಅವನು ಸಾಂಬ್ರಾಣಿ ಹತ್ತಿರದ ಹಳ್ಳಿಯ ಸಿದ್ದಿಯವನು. ಅವನ ತಾಯಿ ಬೇಯಿಸಿಟ್ಟ ತತ್ತಿಯನ್ನು ನಮ್ಮ ಮನೆಯವರಿಗೆ ತಿಳಿಯದಂತೆ ತಿಂದು ನಾನು ಹೆಗಲು ಬೆಳೆಸಿದೆ.

ನನ್ನನ್ನು ಅವನು ಕೆಡವಿದಷ್ಟು ಇನ್ಯಾರೂ ಕೆಡವಿಲ್ಲ. ಬಿದ್ದು ಉಸಿರು ಕಟ್ಟಿ ಮಲಗಿದ್ದರೆ ಪಕ್ಕೆಗೆ ಕಾಲ ಹೆಬ್ಬೆರಳಿನಿಂದ ತಿವಿಯುತ್ತಿದ್ದ. “ಏಳಲೇ ಹೆಣಾ. ಅಲ್ಲೇ ಹುಗಿಲೇನ್?”

ಪಿಯುಸಿ ಮುಗಿದ ಮೇಲೆ ನನಗೆ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅವನು ಅಪ್ಪನ ಹೊಲ ಹಿಡಿದ. ಹೊರಡುವ ಮುಂಚೆ ತಾಲೀಮಿನ ಕಟ್ಟೆಯ ಮೇಲೆ ಕೂತು ನಾನೇ ಕರಾರು ಹಾಕಿದೆ. ಆಗಲೂ ನನಗೆ ಎಲ್ಲವನ್ನೂ ಕರಾರು ಮಾಡುವ ಚಟ.

“ನಾ ಬರೂತನಕ ಬ್ಯಾರೆ ಜೋಡಿ ಮಾಡ್ಕೋಬ್ಯಾಡ.”

“ಹಂಗಾರ ನಾ ಯಾರ ಜೋಡಿ ಕುಸ್ತಿ ಹಿಡೀಲಿ? ನಮ್ಮ ಎಮ್ಮಿ ಜೋಡಿನ?”

“ವಸ್ತಾದರು ಯಾರನ್ನ ಕೊಡ್ತಾರ ಅವರ ಜೋಡಿ ಹಿಡಿ. ಆದ್ರ ಜೋಡಿ ಅಂತ ಅನ್ನಬ್ಯಾಡ. ಸೂಟಿ ಬಿಟ್ಟಾಗೆಲ್ಲ ನಾ ಬಂದು ಹಿಡೀತೇನಿ.”

“ಅಲ್ಲೆ ಮೀನಾ ತಿಂದು ನೀನೂ ಮೀನಿನಂಗ ಜಾರಾಕತ್ತಿದ್ರ?”

“ಆಗ ಮಣ್ಣ ಹಚ್ಚಿ ಹಿಡಿ.”

ಬೆವರಿದ ಮೈ ಜಾರಬಾರದೆಂದು ಕುಸ್ತಿಗೆ ಮೊದಲು ಎದುರಾಳಿಯ ಬೆನ್ನಿಗೆ, ಕತ್ತಿಗೆ ಅಖಾಡದ ಕೆಂಪು ಮಣ್ಣು ತಿಕ್ಕುವುದು ನಮ್ಮಲ್ಲಿ ರೂಢಿ. ಅವನು ನಕ್ಕು, “ಆತು, ಹೋಗಿ ಬಾ” ಅಂದ.

ಊರ ಗೆಳೆಯರನ್ನು ಕಳೆದುಕೊಂಡವರು ಸಾಮಾನ್ಯವಾಗಿ ತಮ್ಮ ಸೋಮಾರಿತನಕ್ಕೆ ಕಳೆದುಕೊಂಡಿರುತ್ತಾರೆ. ಫೋನು ಮಾಡಿರುವುದಿಲ್ಲ, ಮದುವೆಗೆ ಹೋಗಿರುವುದಿಲ್ಲ. ನಾನು ಹಾಗಲ್ಲ. ಪ್ರತಿ ರವಿವಾರ ಫೋನು ಮಾಡುತ್ತಿದ್ದೆ. ಹಾಸ್ಟೆಲಿನ ಗೇಟಿನಲ್ಲಿ ನಿಂತು ಮಾತಾಡಿದರೆ ಅವನ ಹಿಂದೆ ಎಮ್ಮೆ ಕೂಗುವುದೂ ಕೇಳುತ್ತಿತ್ತು. ಅವನ ತಂಗಿಯ ಮದುವೆಗೆ ಪರೀಕ್ಷೆಯ ನಡುವೆಯೇ ಬಸ್ಸು ಹಿಡಿದೆ. ವಾಟ್ಸಾಪಿನಲ್ಲಿ ತಾಲೀಮಿನ ಹುಡುಗರ ಗುಂಪು ಕಟ್ಟಿದವನೂ ನಾನೇ. ಹಾಸ್ಟೆಲಿನ ಮಾಳಿಗೆಯ ಮೇಲೆ ಬೆಳಿಗ್ಗೆ ಎದ್ದು ಬೈಠಕು ಹೊಡೆಯುತ್ತಿದ್ದೆ. ರೂಮಿನವರು ಹಾಸಿಗೆಯೊಳಗಿಂದಲೇ, “ಮೇಲೆ ಯಾರೋ ಅವಲಕ್ಕಿ ಕುಟ್ಟುತ್ತಿದ್ದಾರೆ ಮಾರಾಯ” ಎಂದು ನಗುತ್ತಿದ್ದರು. ನಗಲಿ ಎಂದುಕೊಂಡೆ. ಜೋಡಿಗೆ ತಕ್ಕವನಾಗಿ ಉಳಿಯಬೇಕಲ್ಲ.

ಒಂದು ಸಲ ಫೋನಿನಲ್ಲಿ ಕೇಳಿದೆ, “ತಾಲೀಮಿನ ಮಣ್ಣ ಒಂದಿಷ್ಟ ಚೀಲದಾಗ ಹಾಕಿ ಬಸ್ಸಿಗೆ ಕೊಟ್ಟು ಕಳಸೋ.”

“ಯಾಕ, ಗಣಪತಿ ಮಾಡಾಂವೇನ್?”

“ಮೈಗೆ ಹಚ್ಚಿಕೊಳ್ಳಾಕ.”

“ನಿನ್ನ ಮೈಗೆ ನೀನ ಹಚ್ಕೊಂಡ್ರ ಅದಕ್ಕ ಹುಚ್ಚ ಅಂತಾರಲೇ.”

ನಕ್ಕೆವು. ಮಣ್ಣು ಬರಲಿಲ್ಲ.

ಅವನೂ ಒಂದು ಸಲ ಮಂಗಳೂರಿಗೆ ಬಂದ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಗೇಟಿನಲ್ಲಿ ಕಾವಲಿನವನು ಅವನ ಗುಂಗುರು ಕೂದಲು, ಮೈಬಣ್ಣ ನೋಡಿ ಎದ್ದು ನಿಂತು ಇಂಗ್ಲಿಷಿನಲ್ಲಿ ಸ್ವಾಗತ ಶುರು ಮಾಡಿದ. ಹೊರದೇಶದ ವಿದ್ಯಾರ್ಥಿ ಎಂದು ತಿಳಿದಿದ್ದ. ನನ್ನ ಜೋಡಿ ಕೈಮುಗಿದು, “ಯಪ್ಪಾ, ನಂಗ ಇಂಗ್ಲಿಷ್ ಬರೂದಿಲ್ಲ. ಕನ್ನಡಾ ಬರ್ತೈತಿ. ನಿಮಗ ಬರ್ತೈತೇನ್ರಿ?” ಎಂದು ಕೇಳಿದ. ಕಾವಲಿನವನು ತುಳುವಿನವನು, ಈ ಕನ್ನಡ ಕೇಳಿ ಅವನೇ ಪರದೇಶದಲ್ಲಿ ನಿಂತವನಂತಾದ. ನಾವಿಬ್ಬರೂ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೆಸ್ಸಿನಲ್ಲಿ ಮಾತ್ರ ಅವನು ನಗಲಿಲ್ಲ. ನನ್ನ ತರಗತಿಯವರು ಒಳ್ಳೆಯವರೇ. ಅವನ ಸುತ್ತ ಕೂತು ಕುಸ್ತಿಯ ಬಗ್ಗೆ ಕೇಳಿದರು, ಊರಿನ ಬಗ್ಗೆ ಕೇಳಿದರು, ತೋಳು ಮುಟ್ಟಿ ನೋಡಿದರು. ಅವನು ಎಲ್ಲದಕ್ಕೂ ಮರ್ಯಾದೆಯಿಂದ ಉತ್ತರ ಕೊಟ್ಟ. ನಾನು ನಡುವೆ ಅವರ ಜೊತೆ ಅವರ ಕನ್ನಡದಲ್ಲಿ ಮಾತಾಡುವುದನ್ನು ಕತ್ತು ಓರೆ ಮಾಡಿ ಕೇಳುತ್ತಿದ್ದ. ಮರುದಿನ ಬೆಳಿಗ್ಗೆಯೇ ಹೊರಟು ನಿಂತ.

“ಇನ್ನೊಂದ್ ದಿನ ಇರಬಾರದೇನೋ? ಸಮುದ್ರಕ್ಕ ಹೋಗೂಣು.”

“ಎಮ್ಮಿ ಈಯೂದೈತಿ. ನಿಂಗೂ ಕೆಲಸ ಇರ್ತಾವ.”

ಅವನು ಯಾವತ್ತೂ ನನಗೆ ಕೆಲಸವಿದೆ ಎಂದು ಎದ್ದವನಲ್ಲ.

ಆ ಸಲದ ಸೂಟಿಗೆ ಊರಿಗೆ ಬಂದೆ. ಕಾರವಾರದಿಂದ ಘಟ್ಟ ಹತ್ತುವ ಬಸ್ಸಿನಲ್ಲಿ ಕಾಡು ಶುರುವಾದರೆ ಫೋನು ಸತ್ತಂತೆಯೇ. ಜೋಯಿಡಾ ಬಂದಾಗ ಒಂದು ಕಡ್ಡಿ ನೆಟ್‌ವರ್ಕ್ ಹತ್ತಿತು, ‘ನಾಳೆ ಬೆಳಿಗ್ಗೆ ತಾಲೀಮಿನಲ್ಲಿ’ ಎಂದು ಬರೆದು ಕಳಿಸಿದೆ. ದಾಂಡೇಲಿ ಮುಟ್ಟುವ ಹೊತ್ತಿಗೆ ಉತ್ತರ ಬಂತು. ಹೆಬ್ಬೆಟ್ಟಿನ ಚಿತ್ರ.

ಬೆಳಿಗ್ಗೆ ನಾನು ಒಳಗೆ ಕಾಲಿಟ್ಟ ಕೂಡಲೇ ಹುಡುಗರು ಎದ್ದರು. “ಇಂಜಿನಿಯರ್ ಸಾಹೇಬ್ರು ಬಂದ್ರು, ಸರೀರಲೇ!” ಚೇಷ್ಟೆ ಎಂದುಕೊಂಡು ಒಬ್ಬನ ಬೆನ್ನಿಗೆ ಗುದ್ದಿದೆ. ಲಂಗೋಟಿ ಕಟ್ಟಿ ಅಖಾಡಕ್ಕೆ ಇಳಿದೆ. ಅವನು ನನ್ನ ಬೆನ್ನಿಗೆ ಮಣ್ಣು ಹಚ್ಚಿದ, ನಾನು ಅವನಿಗೆ ಹಚ್ಚಿದೆ. ಹಿಡಿದೆವು.

ಬಹಳ ಹೊತ್ತು ಹಿಡಿದೆವು. ನಾನು ಎಳೆದೆ, ಅವನು ತಡೆದ. ನಾನು ಕಾಲಿಗೆ ಹೋದೆ, ಅವನು ಹಿಂದೆ ಸರಿದ. ಕೊನೆಗೆ ವಸ್ತಾದರು ಚಪ್ಪಾಳೆ ಹೊಡೆದು ‘ಸಮಾ ಆತು’ ಎಂದು ಬಿಡಿಸಿದರು. ಹುಡುಗರು ‘ವ್ಹಾ’ ಅಂದರು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಸಿಮೆಂಟಿನ ಮಾಳಿಗೆಯ ಮೇಲೆ ಬೈಠಕು ಹೊಡೆದರೂ ನಾನು ಇವನಿಗೆ ಸರಿಸಮ ಉಳಿದಿದ್ದೇನಲ್ಲ ಎಂದು ಮನೆತನಕ ಶಿಳ್ಳೆ ಹಾಕುತ್ತಾ ಹೋದೆ.

ಅದರ ಮುಂದಿನ ಸೂಟಿಯಲ್ಲೂ ಸಮ. ಅದರ ಮುಂದಿನದರಲ್ಲೂ ಸಮ. ಅಷ್ಟರಲ್ಲಿ ಹಾಸ್ಟೆಲಿನ ಅನ್ನ ತಿಂದು ನನ್ನ ಹೊಟ್ಟೆ ಲಂಗೋಟಿಯ ಮೇಲೆ ಜೋತು ಬೀಳತೊಡಗಿತ್ತು. ಅವನು ಕಬ್ಬಿನ ಹೊರೆ ಹೊತ್ತು, ಬೆಳಗಾವಿ ಕಡೆಯ ಮೈದಾನಗಳಲ್ಲಿ ಕುಸ್ತಿ ಗೆದ್ದು ಬರುತ್ತಿದ್ದ. ದರ ಕಟ್ಟುವವನು ನಾನು, ಎರಡು ಎತ್ತನ್ನು ದೂರದಿಂದ ನೋಡಿ ಯಾವುದು ಎಷ್ಟು ಎಳೆಯುತ್ತದೆ ಎಂದು ಹೇಳಬಲ್ಲವನು. ಈ ಲೆಕ್ಕ ಮಾತ್ರ ನನಗೆ ಹೊಳೆಯಲಿಲ್ಲ. ಬೇಡವಾದದ್ದು ಯಾರಿಗೂ ಬೇಗ ಹೊಳೆಯುವುದಿಲ್ಲ.

ಹೊಳೆಯುವಂತೆ ಮಾಡಿದವರು ವಸ್ತಾದರು. ಕೊನೆಯ ವರ್ಷದ ಸೂಟಿ. ಮುಂಡಗೋಡದಿಂದ ಒಬ್ಬ ಪೈಲವಾನ ನಮ್ಮ ತಾಲೀಮು ನೋಡಲು ಬಂದಿದ್ದ, ಹೀಗೇ ಒಂದು ಕೈ ನೋಡೋಣ ಎಂದು ಅಖಾಡಕ್ಕೆ ಇಳಿದ. ನಮ್ಮ ಹುಡುಗನೊಬ್ಬ ಹುಮ್ಮಸ್ಸಿನಲ್ಲಿ ಅವನನ್ನು ಎತ್ತಿ ಬೆನ್ನು ಮಣ್ಣಿಗೆ ಹಚ್ಚಿಬಿಟ್ಟ. ವಸ್ತಾದರು ಎದ್ದು ಬಂದು ಎಲ್ಲರೆದುರೇ ಆ ಹುಡುಗನ ಕಿವಿ ಹಿಡಿದರು.

“ಮಂಗ್ಯಾ, ನಿಮ್ಮ ಮನಿಗೆ ಬಂದ ಬೀಗರ ತಾಟ ಕಸಗೋತಿಯೇನ್? ಮೈದಾನದಾಗ ಯಾರನ್ನರ ಕೆಡವು, ಹಾರ ಹಾಕ್ತೇನಿ. ತಾಲೀಮಿಗೆ ಬಂದ ಪಾವಣೇರನ್ನ ಕೆಡವಬಾರದು. ಸಮಾ ಹಿಡದು ಬಿಡಬೇಕು. ಇಷ್ಟ ವರ್ಷ ಮಣ್ಣ ತಿಂದು ಇದ ಕಲ್ತಿ?”

ಪಾವಣೇರು, ಅಂದರೆ ಅತಿಥಿಗಳು. ಈ ರಿವಾಜು ನನಗೂ ಗೊತ್ತಿತ್ತು. ಎಷ್ಟೋ ಹೊರ ಊರ ಪೈಲವಾನರನ್ನು ನಾನೇ ಸಮ ಹಿಡಿದು ಕಳಿಸಿದ್ದೆ. ಗೋಡೆಗೆ ಒರಗಿ ನಿಂತಿದ್ದವನು ಹಾಗೇ ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡದೆ ಮೂಲೆಯಲ್ಲಿದ್ದ ಗುದ್ದಲಿ ತಗೊಂಡು ಅಖಾಡದ ಮಣ್ಣು ಹದ ಮಾಡತೊಡಗಿದ.

ಆ ದಿನ ಅವರ ಮನೆಗೆ ಹೋದೆ. ಅವನು ಹೊಲಕ್ಕೆ ಹೋಗಿದ್ದ. ಅವನ ತಾಯಿ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದರು. ನನ್ನನ್ನು ನೋಡಿ ಸೂಜಿ ಚುಚ್ಚಿಟ್ಟು, ಒಳಗಿನಿಂದ ಹೊಸ ಚಾಪೆ ತಂದು ಹಾಸಿದರು.

“ನೀ ಬರ್ತಿ ಅಂದ್ರ ಅಂವ ಹಿಂದಿನ ದಿನಾನ ಹೇಳಿ ಇಟ್ಟಿರ್ತಾನ, ಹಾಲ ತಗದಿಡು, ಮನಿ ಸಾರಸು ಅಂತ.”

“ಯಾಕವ್ವಾ? ನಾ ಏನ್ ಹೊಸಬನ?”

“ಹೊಸಬ ಅಲ್ಲ ಮಗನ. ಆದ್ರ ದೂರದಿಂದ ಬರ್ತಿ ಅಲ್ಲ. ಅಂವಗ ಜೀವ ಹಿಡಿದಂಗ ಆಗತೈತಿ. ಏನರ ಕಡಿಮಿ ಆದೀತು ಅಂತ.”

ಪ್ರೀತಿಯಿಂದಲೇ ಹೇಳಿದರು. ಅದೇ ಕಷ್ಟ. ಸಿಟ್ಟಿದ್ದರೆ ಕಾಲು ಹಿಡಿದಾದರೂ ಇಳಿಸಬಹುದು, ಮಧ್ಯಸ್ಥರನ್ನು ಕೂರಿಸಬಹುದು. ನಾನು ಎಷ್ಟೋ ಅಣ್ಣತಮ್ಮಂದಿರ ಹೊಲದ ವ್ಯಾಜ್ಯ ಹೀಗೆ ಬಗೆಹರಿಸಿದ್ದೇನೆ. ಯಾರೂ ನಿಮ್ಮಿಂದ ಏನೂ ಕಸಿದುಕೊಂಡಿಲ್ಲ, ಬದಲಿಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದರೆ ಯಾರ ಹತ್ತಿರ ಕೂತು ಏನು ವಾಪಸು ಕೇಳುತ್ತೀರಿ?

ಆದರೂ ಕೇಳಿದೆ. ಕೇಳದೆ ಬಿಡುವ ಜಾತಿಯಲ್ಲ ನಾನು. ಮಂಗಳೂರಿಗೆ ವಾಪಸು ಹೊರಡುವ ದಿನ ಬೆಳಿಗ್ಗೆ, ತಾಲೀಮಿನಲ್ಲಿ ಇನ್ನೂ ಎಲ್ಲರೂ ಸೇರಿರಲಿಲ್ಲ. ವಸ್ತಾದರು ಒಳಗೆ ದೀಪ ಹಚ್ಚುತ್ತಿದ್ದರು. ಅವನು ಅಖಾಡದ ಅಂಚಿನಲ್ಲಿ ಸಾಮು ತೆಗೆಯುತ್ತಿದ್ದ. ದೂರದಲ್ಲಿ ಇನ್ನೊಬ್ಬ ಪೈಲವಾನ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಈಗ ಅವನ ಸಂಗಡ ದಿನಾ ಹಿಡಿಯುವವನು.

“ಇವತ್ತ ಕುಸ್ತಿ ನಿಕಾಲಿ ಆಗಬೇಕು,” ಅಂದೆ. ನಿಕಾಲಿ ಅಂದರೆ ಸೋಲು ಗೆಲುವು ತೀರ್ಮಾನವಾಗುವ ಕುಸ್ತಿ. “ಸಮಾ ಗಿಮಾ ನಡಿಯೂದಿಲ್ಲ.”

“ಬಸ್ಸಿಗೆ ಹೊತ್ತಾಗೂದಿಲ್ಲೇನ್ರಿ?”

“ರೀ ಅಂದ್ರ ಹಲ್ಲ ಉದರಸ್ತೇನಿ. ನನ್ನ ಕೆಡವು.”

“ಸುಮ್ನ ಯಾಕ್...”

“ಕೆಡವತಿಯೋ ಇಲ್ಲೋ? ಇಲ್ಲಂದ್ರ ನಾ ಇನ್ನ ಈ ತಾಲೀಮಿನ ಹೊಸ್ತಲಾ ತುಳಿಯೂದಿಲ್ಲ. ಕೆಡವಿದ್ರ ಮುಂದಿನ ಸೂಟಿಗೆ ಮತ್ತ ಬರ್ತೇನಿ, ಮತ್ತ ಕೆಡವು. ಏನಂತಿ?”

ಬೀಳುವುದಕ್ಕಾಗಿ ಚೌಕಾಸಿ ಮಾಡಿದ ಪೈಲವಾನ ಹಳಿಯಾಳ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅವನು ನನ್ನ ಮುಖ ನೋಡಿದ. ಅಖಾಡಕ್ಕೆ ಇಳಿದ. ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಕೈ ಚಾಚಿದ.

ಹಿಡಿದ ಕೂಡಲೇ ಗೊತ್ತಾಯಿತು. ಅವನ ಕೈ ನನ್ನ ಕತ್ತಿನ ಮೇಲೆ ಬಿದ್ದಾಗ ನಾನು ಮೊದಲು ಕಂಡಿರದ ಭಾರ. ಇಷ್ಟು ವರ್ಷ ಅದನ್ನು ಎತ್ತಿ ಹಿಡಿದುಕೊಂಡೇ ನನ್ನ ಮೇಲೆ ಇಟ್ಟಿದ್ದನೇನೋ. ಒಮ್ಮೆ ಎಡಕ್ಕೆ ಎಳೆದ, ನನ್ನ ಕಾಲು ಹಗುರವಾಯಿತು, ಕತ್ತು ಅವನ ತೋಳಿನಲ್ಲಿ ಸಿಕ್ಕಿತು, ಹೊರಗಿನಿಂದ ಅವನ ಕಾಲು ಕೊಕ್ಕೆಯಂತೆ ಬಂತು. ಹಾರಿದೆ. ನಿಜವಾಗಿ ಹಾರಿದೆ. ಆ ಒಂದು ಗಳಿಗೆ ನನಗೆ ಎಲ್ಲ ವಾಪಸು ಸಿಕ್ಕಂತೆ ಅನ್ನಿಸಿತು.

ಬೀಳುವ ಮುಂಚೆ, ಇನ್ನೇನು ನೆಲ ತಾಗಬೇಕು, ಅವನ ಅಂಗೈ ನನ್ನ ತಲೆಯ ಹಿಂದೆ ಬಂತು. ಕತ್ತಿನ ಕುಳಿಯಲ್ಲಿ ಅಗಲವಾಗಿ ಚಾಚಿಕೊಂಡು, ನನ್ನ ತಲೆಯನ್ನು ಹಿಡಿದು, ಮೆತ್ತಗೆ ಮಣ್ಣಿನ ಮೇಲೆ ಇಟ್ಟಿತು. ತಾಲೀಮಿಗೆ ಹೊಸದಾಗಿ ಸೇರಿದ ಹಾಲುಗಲ್ಲದ ಮಕ್ಕಳನ್ನು ಕೆಡಹುವಾಗ ದೊಡ್ಡವರು ಹಾಗೆ ಹಿಡಿಯುತ್ತಾರೆ, ಬುರುಡೆ ಬಡಿಯಬಾರದೆಂದು.

“ಪೆಟ್ಟ ಹತ್ತಲಿಲ್ಲ ಹೌದಲ್ಲ?” ಎಂದು ಕೇಳಿದ. ಎಬ್ಬಿಸಿ ಕೂರಿಸಿದ. ನನ್ನ ಬೆನ್ನಿನ ಮಣ್ಣು ಅವನೇ ಕೊಡವಿದ.

ನಾನು “ಇಲ್ಲ” ಅಂದೆ. ಇನ್ನೇನು ಅನ್ನಲಿ? ಕೇಳಿದ್ದನ್ನು ಅವನು ಕೊಟ್ಟಿದ್ದ. ಕರಾರಿನ ಪ್ರಕಾರ ಬೆನ್ನು ಮಣ್ಣಿಗೆ ಹತ್ತಿತ್ತು. ಮುಂದಿನ ಸೂಟಿಗೆ ಮತ್ತೆ ಬಂದರೆ ಮತ್ತೆ ಹೀಗೇ ಹಿಡಿಯುತ್ತಾನೆ, ಅದರ ಮುಂದೆಯೂ. ಅವನ ಕೈಗೆ ನಾನು ಪಾವಣೇರವನಾಗಿಬಿಟ್ಟಿದ್ದೆ; ಮನಸ್ಸು ಒಪ್ಪಿದರೂ ಕೈ ಒಪ್ಪುವುದಿಲ್ಲ. ಕುಸ್ತಿ ಹಿಡಿದವರಿಗೆ ಇದು ಗೊತ್ತು. ಕೈಗೆ ಬುದ್ಧಿ ಹೇಳಲು ಬರುವುದಿಲ್ಲ.

ಓದು ಮುಗಿಸಿ ಊರಿಗೇ ಮರಳಿ ಈ ದಂಧೆಗೆ ಇಳಿದೆ. ಈಗ ಮಕ್ಕಳನ್ನು ದೂರದ ಕಾಲೇಜಿಗೆ ಸೇರಿಸುವವರು ನನ್ನ ಶೆಡ್ಡಿಗೆ ಬಂದು ಸಲಹೆ ಕೇಳುತ್ತಾರೆ. ಯಾವ ಹಾಸ್ಟೆಲು, ಯಾವ ಬಸ್ಸು, ಮೆಸ್ಸಿನವನ ಹತ್ತಿರ ಹೇಗೆ ಮಾತಾಡಬೇಕು, ಎಲ್ಲ ಹೇಳುತ್ತೇನೆ. ಊರ ಗೆಳೆಯರ ವಿಷಯ ಬಂದರೆ ಹೇಳುವುದು ಒಂದೇ: ಫೋನು ಮಾಡಿ, ಬನ್ನಿ, ಹೋಗಿ, ಏನೂ ಬಿಡಬೇಡಿ. ಇದರಿಂದ ಉಳಿಯುತ್ತದೆ ಎಂದು ಮಾತ್ರ ನಾನು ಗ್ಯಾರಂಟಿ ಬರೆದುಕೊಡುವುದಿಲ್ಲ. ನಾನು ಎಲ್ಲ ಮಾಡಿದ್ದೆ.

ಅವನು ನನ್ನನ್ನು ಕೆಡವಿದ ಆ ಬೆಳಿಗ್ಗೆ ನಾನು ಹಿತ್ತಲ ನೀರಿನ ಹೌದಿಯ ಹತ್ತಿರ ಹೋಗಿ ಮೈಗೆ ನೀರು ಹಾಕಿಕೊಂಡೆ. ಒಳಗೆ ಅವನೂ ಆ ಇನ್ನೊಬ್ಬನೂ ಹಿಡಿದಿದ್ದರು. ಕತ್ತಿಗೆ ಕೈ ಬೀಳುವ ಸಪ್ಪಳ, ಏದುಸಿರು, ಆಮೇಲೆ ಧಪ್ ಎಂದು ಒಂದು ಮೈ ನೆಲಕ್ಕೆ ಬಿದ್ದದ್ದು ಗೋಡೆಯಾಚೆಗೂ ಕೇಳಿತು.

“ಯವ್ವಾ, ನನ್ನ ಟೊಂಕ!” ಎಂದು ಆ ಇನ್ನೊಬ್ಬ ನರಳಿದ.

“ಟೊಂಕ ಅಂತ ಟೊಂಕ! ರಾತ್ರಿ ಗಂಜಿ ಕುಡದು ಮಲಗೀಯೇನಲೇ? ಏಳ ಮ್ಯಾಲೆ, ಸತ್ತ ಹಂದಿ!”

ಇಬ್ಬರೂ ನಕ್ಕರು. ನಾನು ಇನ್ನೊಂದು ತಂಬಿಗೆ ಸುರಿದುಕೊಂಡೆ. ಮೈಮೇಲಿನ ಮಣ್ಣು ಬೇಗ ಹೋಯಿತು. ಹೆಚ್ಚೇನೂ ಹತ್ತಿರಲಿಲ್ಲ.